ಕಂಡದ್ದು ತೊಂಬತ್ತೇಳು, ಬರೆದದ್ದು ನೂರು

ಹೋದ ಬೇಸಗೆಯಲ್ಲಿ ನಮ್ಮ ಮನೆಯಲ್ಲಿ ನಡೆದ ಒಂದು ಸಣ್ಣ ಮಾತುಕತೆಯಿಂದಲೇ ಈ ಬರಹವನ್ನು ಆರಂಭಿಸುತ್ತೇನೆ. ಎಂಟು ವರ್ಷದ ಮೊಮ್ಮಗನಿಗೆ ಜ್ವರ ಬಂದಿತ್ತು. ಅವನ ತಾಯಿ ಕಂಕುಳಲ್ಲಿಟ್ಟಿದ್ದ ಥರ್ಮಾಮೀಟರನ್ನು ತೆಗೆದು ನೋಡಿ, “ನೂರಾ ಒಂದು” ಎಂದಳು. ಅದೇ ಹೊತ್ತಿಗೆ ಟಿ.ವಿ.ಯ ವಾರ್ತೆಯಲ್ಲಿ, ಆ ದಿನ ಊರಿನ ಗರಿಷ್ಠ ಉಷ್ಣತೆ 36 ಡಿಗ್ರಿ ಇತ್ತೆಂದು ಹೇಳಿದರು. ಹಾಸಿಗೆಯಲ್ಲಿದ್ದ ಹುಡುಗ ಎರಡನ್ನೂ ಕೇಳಿಸಿಕೊಂಡು ನನ್ನ ಕಡೆ ತಿರುಗಿ, “ತಾತ, ಬಿಸಿಲು ಮೂವತ್ತಾರು, ನಾನು ನೂರಾ ಒಂದು. ಹಾಗಾದರೆ ನಾನು ಬಿಸಿಲಿಗಿಂತ ಮೂರರಷ್ಟು ಬಿಸಿಯಾಗಿದ್ದೇನೆಯೆ?” ಎಂದು ಕೇಳಿದ.

ಎಲ್ಲರೂ ನಕ್ಕರು. ಒಂಬತ್ತನೆಯ ತರಗತಿಯಲ್ಲಿ ಓದುತ್ತಿರುವ ಅವನ ಅಕ್ಕ ಕೂಡಲೇ ತಮ್ಮನನ್ನು ತಿದ್ದಿದಳು: “ಅದು ಫ್ಯಾರನ್‌ಹೀಟು ಕಣೋ, ಇದು ಸೆಲ್ಸಿಯಸ್ಸು. ಮೂವತ್ತೆರಡು ಕಳೆದು, ಐದರಿಂದ ಗುಣಿಸಿ, ಒಂಬತ್ತರಿಂದ ಭಾಗಿಸಬೇಕು.” ಬೆರಳು ಮಡಿಸುತ್ತ ಲೆಕ್ಕವನ್ನೂ ಮಾಡಿ, “ಮೂವತ್ತೆಂಟು ಪಾಯಿಂಟ್ ಮೂರು ಮೂರು” ಎಂದಳು. ಲೆಕ್ಕ ಸರಿಯಾಗಿತ್ತು. ನಾನು ಸುಮ್ಮನೆ ಕೇಳಿದೆ: “ಮೂವತ್ತೆರಡನ್ನೇ ಏಕೆ ಕಳೆಯಬೇಕಮ್ಮಾ?” ಅವಳು ಒಂದು ಕ್ಷಣವೂ ತಡೆಯದೆ, “ಸೂತ್ರದಲ್ಲಿ ಹಾಗಿದೆ, ತಾತ” ಎಂದಳು.

ಆ ಉತ್ತರವನ್ನು ಕೇಳಿದ ಮೇಲೆ ನನಗೆ ನಗು ಬರಲಿಲ್ಲ. ಮೂವತ್ತು ವರ್ಷಗಳ ಕಾಲ ಭೌತಶಾಸ್ತ್ರದ ಪಾಠ ಹೇಳಿದವನು ನಾನು. ಇದೇ ಉತ್ತರವನ್ನು ಎಷ್ಟು ವಿದ್ಯಾರ್ಥಿಗಳ ಬಾಯಿಂದ ಕೇಳಿದ್ದೇನೆಯೋ ಲೆಕ್ಕವಿಲ್ಲ. ಕೇಳಿ, ತಲೆದೂಗಿ, ಪೂರ್ಣ ಅಂಕಗಳನ್ನು ಕೊಟ್ಟವನೂ ನಾನೇ. ತಮ್ಮನ ಪ್ರಶ್ನೆ ತಪ್ಪಾಗಿದ್ದರೂ ಅದರಲ್ಲಿ ವಿಚಾರವಿತ್ತು. ಅಕ್ಕನ ಉತ್ತರ ಸರಿಯಾಗಿದ್ದರೂ ಅದರಲ್ಲಿ ವಿಚಾರವಿರಲಿಲ್ಲ. ಉಷ್ಣತೆಯ ಅಳತೆಯನ್ನು ನಾವು ಶಾಲೆಗಳಲ್ಲಿ ಕಲಿಸುವ ಕ್ರಮ ತಲೆಕೆಳಗಾಗಿದೆಯೆಂಬುದು ನನ್ನ ಅಭಿಪ್ರಾಯ. ಅಳತೆಗೋಲು ಹೇಗೆ ಹುಟ್ಟಿತೆಂಬುದನ್ನು ಬಿಟ್ಟು, ಒಂದು ಗೋಲಿನಿಂದ ಇನ್ನೊಂದಕ್ಕೆ ಜಿಗಿಯುವ ಸೂತ್ರವನ್ನು ಮಾತ್ರ ಕೈಗೆ ಕೊಡುತ್ತಿದ್ದೇವೆ. ಇದರಿಂದ ಆಗುವ ನಷ್ಟ ಒಂದೆರಡು ಅಂಕಗಳದ್ದಲ್ಲವೆಂಬುದನ್ನು ತೋರಿಸುವುದಕ್ಕಾಗಿಯೇ ಈ ನಾಲ್ಕು ಮಾತು.

ಮೊದಲು ನಮ್ಮ ಮನೆಗಳ ಸ್ಥಿತಿಯನ್ನೇ ನೋಡೋಣ. 1956ರ ತೂಕ ಮತ್ತು ಅಳತೆಗಳ ಕಾಯಿದೆಯ ಬಳಿಕ ನಮ್ಮ ದೇಶ ಮೆಟ್ರಿಕ್ ಪದ್ಧತಿಗೆ ತಿರುಗಿತು. ಸೇರು ಹೋಯಿತು, ಮಣ ಹೋಯಿತು, ಮೈಲಿ ಹೋಯಿತು. ಹವೆಯ ವರದಿಯೂ ಸೆಲ್ಸಿಯಸ್ ಮಾನದಲ್ಲಿಯೇ ಬರುತ್ತದೆ. ಆದರೆ ಜ್ವರ ಮಾತ್ರ ಇಂದಿಗೂ ಬಹುಮಟ್ಟಿಗೆ ಫ್ಯಾರನ್‌ಹೀಟ್ ಮಾನದಲ್ಲಿಯೇ ಏರಿ ಇಳಿಯುತ್ತಿದೆ. “ನೂರು ದಾಟಿತು” ಎಂದರೆ ತಾಯಂದಿರ ಎದೆ ಹೊಡೆದುಕೊಳ್ಳುತ್ತದೆ. “ಮೂವತ್ತೆಂಟು ದಾಟಿತು” ಎಂದರೆ ಯಾರೂ ಕದಲುವುದಿಲ್ಲ. ಒಂದೇ ಮನೆಯಲ್ಲಿ ಬಾಗಿಲಿನಾಚೆಯ ಬಿಸಿಗೆ ಒಂದು ಭಾಷೆ, ಮೈಯೊಳಗಿನ ಬಿಸಿಗೆ ಇನ್ನೊಂದು ಭಾಷೆ. ಎರಡು ಭಾಷೆಗಳ ನಡುವೆ ಬಾಳುವವನಿಗೆ ಭಾಷಾಂತರ ಬಾರದಿದ್ದರೆ ಹೇಗೆ?

ಭಾಷಾಂತರವೆಂದರೆ ಪದಕ್ಕೆ ಪದ ಇಡುವುದಲ್ಲವೆಂದು ಈ ಪುಟದ ಓದುಗರಿಗೆ ನಾನು ಹೇಳಬೇಕಾಗಿಲ್ಲ. ಮೂಲದ ಮಾತು ಯಾವ ಸಂದರ್ಭದಲ್ಲಿ, ಯಾವ ಅಗತ್ಯದಿಂದ ಹುಟ್ಟಿತೆಂದು ತಿಳಿದವನೇ ಅದನ್ನು ಸರಿಯಾಗಿ ದಾಟಿಸಬಲ್ಲ. ಆದುದರಿಂದ ಈ ಎರಡು ಮಾನಗಳ ಹುಟ್ಟನ್ನು ಸ್ವಲ್ಪ ನೋಡಬೇಕು.

ಡೇನಿಯಲ್ ಗೇಬ್ರಿಯಲ್ ಫ್ಯಾರನ್‌ಹೀಟ್ 1686ರಲ್ಲಿ ಡಾನ್‌ಜಿಗ್ ನಗರದಲ್ಲಿ ಹುಟ್ಟಿ, ಹಾಲೆಂಡಿನಲ್ಲಿ ನೆಲೆಸಿದ ಉಪಕರಣಗಾರ. ಗಾಜನ್ನು ಊದಿ, ಪಾದರಸವನ್ನು ತುಂಬಿ, ಉಷ್ಣಮಾಪಕಗಳನ್ನು ಮಾಡಿ ಮಾರುವುದು ಅವನ ಕಸುಬು. ಒಂದು ಮಾಪಕ ತೋರಿಸಿದ್ದನ್ನು ಇನ್ನೊಂದು ತೋರಿಸುತ್ತಿರಲಿಲ್ಲವೆಂಬುದು ಆ ಕಾಲದ ದೊಡ್ಡ ತೊಡಕು. ಒಂದೇ ಅಂಗಡಿಯ ಎರಡು ತಕ್ಕಡಿಗಳು ಎರಡು ತೂಕ ಹೇಳಿದರೆ ಯಾರು ನಂಬುತ್ತಾರೆ? ಎಲ್ಲ ಮಾಪಕಗಳೂ ಒಂದೇ ಮಾತನ್ನಾಡಬೇಕಾದರೆ, ಪ್ರಕೃತಿಯಲ್ಲಿ ಎಲ್ಲಿ ನೋಡಿದರೂ ಬದಲಾಗದ ಕೆಲವು ನೆಲೆಗಳು ಬೇಕು. 1724ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಅವನು ಅಂತಹ ಮೂರು ನೆಲೆಗಳನ್ನು ಹೇಳಿದ. ಮಂಜುಗಡ್ಡೆ, ನೀರು, ನವಸಾಗರವೆಂಬ ಉಪ್ಪು, ಇವುಗಳ ಮಿಶ್ರಣದ ತಣುಪು ಸೊನ್ನೆ. ಬರಿಯ ಮಂಜುಗಡ್ಡೆ ಮತ್ತು ನೀರಿನ ಮಿಶ್ರಣ 32. ಆರೋಗ್ಯವಂತನ ಬಾಯಿ ಅಥವಾ ಕಂಕುಳಿನ ಕಾವು 96. ಈ 32ಕ್ಕೂ 96ಕ್ಕೂ ನಡುವೆ 64 ಭಾಗಗಳು. ಅರುವತ್ತನಾಲ್ಕನ್ನು ಆರು ಬಾರಿ ಅರ್ಧ ಮಾಡುತ್ತ ಹೋದರೆ ಒಂದಕ್ಕೆ ಬಂದು ನಿಲ್ಲುತ್ತದೆ. ಗಾಜಿನ ಮೇಲೆ ಗೆರೆ ಎಳೆಯುವವನಿಗೆ ಅದು ಬಲು ಅನುಕೂಲ. ನಮ್ಮ ಸೂತ್ರದ 32 ಬಂದದ್ದು ಇಲ್ಲಿಂದ.

ಆಂಡರ್ಸ್ ಸೆಲ್ಸಿಯಸ್ ಸ್ವೀಡನ್ನಿನ ಉಪ್ಸಾಲದ ಖಗೋಳಶಾಸ್ತ್ರಜ್ಞ. ಅವನು 1742ರಲ್ಲಿ ನೀರನ್ನೇ ಆಧಾರವಾಗಿಟ್ಟುಕೊಂಡು, ಹೆಪ್ಪುಗಟ್ಟುವ ನೆಲೆಗೂ ಕುದಿಯುವ ನೆಲೆಗೂ ನಡುವೆ ನೂರು ಮೆಟ್ಟಿಲುಗಳನ್ನು ಕಟ್ಟಿದ. ಇಂದಿನ ವಿದ್ಯಾರ್ಥಿಗೆ ಅಚ್ಚರಿಯಾಗುವ ಸಂಗತಿಯೊಂದಿದೆ. ಅವನ ಮೂಲ ಗೋಲಿನಲ್ಲಿ ಕುದಿಯುವ ನೀರಿಗೆ ಸೊನ್ನೆ, ಹೆಪ್ಪುಗಟ್ಟುವ ನೀರಿಗೆ ನೂರು! ಬಿಸಿಯೇರಿದಷ್ಟೂ ಅಂಕಿ ಇಳಿಯುತ್ತಿತ್ತು. ಅದನ್ನು ತಿರುಗಿಸಿ ಇಟ್ಟವರು ಆಮೇಲಿನವರು. ತಿರುಗಿಸಿದ್ದರಿಂದ ನೀರಿಗೇನಾಯಿತು? ಏನೂ ಆಗಲಿಲ್ಲ, ಮೊದಲು ಹೇಗೆ ಕುದಿಯುತ್ತಿತ್ತೋ ಹಾಗೆಯೇ ಕುದಿಯಿತು. ಅಂಕಿ ನಮ್ಮದು, ಕಾವು ಪ್ರಕೃತಿಯದು. ಈ ಒಂದು ಮಾತು ಹುಡುಗನ ಮನಸ್ಸಿನಲ್ಲಿ ನೆಟ್ಟರೆ ಮುಕ್ಕಾಲು ಪಾಠ ಮುಗಿದಂತೆ.

ನೆಲೆಗಳನ್ನು ಗುರುತಿಸುವ ಈ ವಿದ್ಯೆ ಪಾಶ್ಚಾತ್ಯರ ಪ್ರಯೋಗಶಾಲೆಯಲ್ಲಿ ಮಾತ್ರ ಇದ್ದುದೆಂದು ಯಾರೂ ತಿಳಿಯಬೇಕಾಗಿಲ್ಲ. ನಮ್ಮ ಅಡುಗೆಮನೆಯಲ್ಲಿ ಅದಕ್ಕೆ ‘ಹದ’ವೆಂದು ಹೆಸರು. ಹಾಲಿಗೆ ಹೆಪ್ಪು ಹಾಕುವಾಗ ಉಗುರುಬೆಚ್ಚಗಿರಬೇಕೆಂಬುದು ಒಂದು ಹದ. ಸಕ್ಕರೆಯ ಪಾಕದಲ್ಲಿ ಒಂದೆಳೆ, ಎರಡೆಳೆ ಎಂಬುವು ಬೇರೆ ಹದಗಳು. ಪಾಕ ಗಟ್ಟಿಯಾದಷ್ಟೂ ಅದು ಕುದಿಯುವ ಉಷ್ಣತೆ ಏರುತ್ತ ಹೋಗುವುದರಿಂದ, ಬೆರಳುಗಳ ನಡುವೆ ಎಳೆ ಎಳೆಯುವ ಗೃಹಿಣಿ ತನಗರಿಯದೆಯೇ ಒಂದು ಉಷ್ಣಮಾಪಕವನ್ನು ಓದುತ್ತಿರುತ್ತಾಳೆ. ಫ್ಯಾರನ್‌ಹೀಟ್ ಮಾಡಿದ್ದೂ ಹದಗಳನ್ನು ಹಿಡಿಯುವ ಕೆಲಸವನ್ನೇ. ಹದಗಳ ನಡುವೆ ಗೆರೆಗಳನ್ನು ಎಳೆದು ಎಣಿಸಿದ್ದು ಅವನ ಹೆಚ್ಚುಗಾರಿಕೆ.

ಈಗ ಸೂತ್ರ ತಾನಾಗಿಯೇ ಹೊರಬರುತ್ತದೆ. ಕರಿಹಲಗೆಯ ಮೇಲೆ ಅಕ್ಕಪಕ್ಕದಲ್ಲಿ ಎರಡು ಏಣಿಗಳನ್ನು ಬರೆಯೋಣ. ಮಂಜು ಕರಗುವ ನೆಲೆಯಲ್ಲಿ ಒಂದಕ್ಕೆ 0, ಇನ್ನೊಂದಕ್ಕೆ 32. ನೀರು ಕುದಿಯುವ ನೆಲೆಯಲ್ಲಿ ಒಂದಕ್ಕೆ 100, ಇನ್ನೊಂದಕ್ಕೆ 212. ಏರಬೇಕಾದ ಎತ್ತರ ಒಂದೇ. ಮೆಟ್ಟಿಲು ಇಲ್ಲಿ 100, ಅಲ್ಲಿ 180. ಎಂದರೆ ಸೆಲ್ಸಿಯಸ್ಸಿನ ಐದು ಮೆಟ್ಟಿಲು ಫ್ಯಾರನ್‌ಹೀಟಿನ ಒಂಬತ್ತಕ್ಕೆ ಸಮ. ಏಣಿಗಳು ಬೇರೆ ಬೇರೆ ಅಂಕಿಯಿಂದ ಹೊರಟಿರುವುದರಿಂದ ಮೊದಲು 32ನ್ನು ಕಳೆದು ಎರಡನ್ನೂ ಒಂದೇ ನೆಲಕ್ಕೆ ತರಬೇಕು. ಆಮೇಲೆ ಮೆಟ್ಟಿಲಿನ ಗಾತ್ರವನ್ನು ಸರಿಪಡಿಸಬೇಕು. ಇಷ್ಟೇ. ಕೆಳಗಿಳಿಯುತ್ತ ಹೋದರೆ ಸೊನ್ನೆಗಿಂತ 40 ಡಿಗ್ರಿ ಕೆಳಗೆ ಎರಡೂ ಏಣಿಗಳು ಒಂದೇ ಅಂಕಿಯನ್ನು ಹೇಳುವುದನ್ನು ಹುಡುಗರು ತಾವೇ ಕಂಡುಹಿಡಿದು ಸಂತೋಷಪಡುತ್ತಾರೆ. ಏಣಿಯನ್ನು ಕಂಡವನು ಸೂತ್ರವನ್ನು ಮರೆತರೂ ಮತ್ತೆ ಕಟ್ಟಿಕೊಳ್ಳುತ್ತಾನೆ. ಸೂತ್ರವನ್ನಷ್ಟೇ ಕಂಡವನಿಗೆ ಅದನ್ನು ಮರೆತ ದಿನ ಏನೂ ಉಳಿಯುವುದಿಲ್ಲ.

ಸೂತ್ರ ನೆನಪಿದ್ದವನೂ ಸುರಕ್ಷಿತನಲ್ಲ. ಅವನು ಬೀಳುವ ಹಳ್ಳಗಳಲ್ಲಿ ಮೂರನ್ನು ಇಲ್ಲಿ ಹೇಳುತ್ತೇನೆ.

ಮೊದಲನೆಯದು, ಉಷ್ಣತೆಗೂ ಉಷ್ಣತೆಯ ವ್ಯತ್ಯಾಸಕ್ಕೂ ಇರುವ ಭೇದವನ್ನು ಮರೆಯುವುದು. ಭೂಮಿಯ ಸರಾಸರಿ ಉಷ್ಣತೆಯ ಏರಿಕೆಯನ್ನು 1.5 ಡಿಗ್ರಿ ಸೆಲ್ಸಿಯಸ್ಸಿಗೆ ತಡೆಯಲು ಯತ್ನಿಸಬೇಕೆಂದು 2015ರ ಪ್ಯಾರಿಸ್ ಒಪ್ಪಂದ ಹೇಳುತ್ತದೆ. ಇದನ್ನು ಫ್ಯಾರನ್‌ಹೀಟಿಗೆ ಬದಲಾಯಿಸಿರೆಂದರೆ, ಬುದ್ಧಿವಂತ ವಿದ್ಯಾರ್ಥಿಯೂ ಸೂತ್ರಕ್ಕೆ ಹಾಕಿ 34.7 ಎಂದು ಬರೆದುಬಿಡುತ್ತಾನೆ. ಭೂಮಿಯ ಉಷ್ಣತೆ ಮೂವತ್ತನಾಲ್ಕು ಡಿಗ್ರಿ ಏರಿದರೆ ಉತ್ತರ ಬರೆಯಲು ಅವನೂ ಇರುವುದಿಲ್ಲ, ಓದಲು ನಾನೂ ಇರುವುದಿಲ್ಲ! ಏರಿಕೆಯೆಂದರೆ ಮೆಟ್ಟಿಲುಗಳ ಎಣಿಕೆ. ಏಣಿ ಎಲ್ಲಿಂದ ಹೊರಟಿತೆಂಬುದಕ್ಕೆ ಅಲ್ಲಿ ಕೆಲಸವಿಲ್ಲ. ಸರಿಯಾದ ಉತ್ತರ 2.7.

ಎರಡನೆಯದು, ನನ್ನ ಮೊಮ್ಮಗ ಬಿದ್ದ ಹಳ್ಳ. ಬೆಳಗ್ಗೆ 20 ಡಿಗ್ರಿ ಇದ್ದು ಮಧ್ಯಾಹ್ನ 40 ಆದರೆ “ಬಿಸಿ ಎರಡರಷ್ಟಾಯಿತು” ಎನ್ನುವ ದೊಡ್ಡವರನ್ನೂ ನಾನು ಕಂಡಿದ್ದೇನೆ. ಅದೇ ಎರಡು ಹೊತ್ತುಗಳನ್ನು ಫ್ಯಾರನ್‌ಹೀಟಿನಲ್ಲಿ ಹೇಳಿದರೆ 68 ಮತ್ತು 104. ಎರಡರಷ್ಟೆಂಬ ಮಾತು ಅಲ್ಲಿ ಮಾಯವಾಗುತ್ತದೆ. ಮಾನ ಬದಲಾದೊಡನೆ ಮಾಯವಾಗುವ ಸತ್ಯ ಸತ್ಯವೇ ಅಲ್ಲ. ಎರಡರಷ್ಟು, ಮೂರರಷ್ಟು ಎನ್ನಬೇಕಾದರೆ ಸೊನ್ನೆ ನಿಜವಾದ ಸೊನ್ನೆಯಾಗಿರಬೇಕು. ಅಂತಹ ಸೊನ್ನೆಯಿಂದ ಹೊರಡುವ ಮಾನವನ್ನು 1848ರಲ್ಲಿ ಸೂಚಿಸಿದವನು ವಿಲಿಯಂ ಥಾಮ್ಸನ್. ಮುಂದೆ ಲಾರ್ಡ್ ಕೆಲ್ವಿನ್ ಎಂದು ಪ್ರಸಿದ್ಧನಾದವನು. ಸೆಲ್ಸಿಯಸ್ಸಿನ ಸೊನ್ನೆಗಿಂತ 273.15 ಡಿಗ್ರಿ ಕೆಳಗಿರುವ ಆ ನೆಲೆ ಯಾರ ಒಪ್ಪಂದದಿಂದಲೂ ಆದದ್ದಲ್ಲ. ಅದಕ್ಕಿಂತ ತಣ್ಣಗಾಗುವುದು ಯಾವ ವಸ್ತುವಿಗೂ ಸಾಧ್ಯವಿಲ್ಲ. ಆ ಮಾನದಲ್ಲಿ ನಮ್ಮ ಬೆಳಗು ಸುಮಾರು 293, ಮಧ್ಯಾಹ್ನ 313. ಏರಿದ್ದು ನೂರಕ್ಕೆ ಏಳರಷ್ಟು ಮಾತ್ರ. 2019ರಿಂದ ಕೆಲ್ವಿನ್ ಮಾನ ನೀರಿನ ಆಸರೆಯನ್ನೂ ಬಿಟ್ಟು, ಬೋಲ್ಟ್ಸ್‌ಮನ್ ಸ್ಥಿರಾಂಕವೆಂಬ ನಿಸರ್ಗದ ಒಂದು ನಿಯತ ಸಂಖ್ಯೆಯ ಮೇಲೆ ನಿಂತಿದೆ. ಹುಡುಗನ ಪ್ರಶ್ನೆಗೆ ಉತ್ತರವೂ ಇಲ್ಲಿಯೇ ಇದೆ: ಹೊರಗಿನ 36 ಫ್ಯಾರನ್‌ಹೀಟಿನಲ್ಲಿ ಸುಮಾರು 97, ಅವನ ಮೈ ಬಿಸಿಲಿಗಿಂತ ನಾಲ್ಕು ಮೆಟ್ಟಿಲು ಮೇಲಿತ್ತು, ಅಷ್ಟೇ.

ಮೂರನೆಯ ಹಳ್ಳ ಕಣ್ಣಿಗೆ ಕಾಣುವುದೇ ಇಲ್ಲ. ಮನುಷ್ಯನ ಸಹಜವಾದ ಉಷ್ಣತೆ 98.6 ಎಂದು ನಾವೆಲ್ಲ ಬಲ್ಲೆವು. ಆ ಬಿಂದುವಿನ ಮುಂದಿನ ಆರು ಎಲ್ಲಿಂದ ಬಂತು? ಜರ್ಮನಿಯ ವೈದ್ಯ ಕಾರ್ಲ್ ವುಂಡರ್ಲಿಷ್ ಸಾವಿರಾರು ಜನರ ಮೈಕಾವನ್ನು ಅಳೆದು, 1868ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ 37 ಡಿಗ್ರಿ ಸೆಲ್ಸಿಯಸ್ಸನ್ನು ಸಹಜವಾದ ನೆಲೆಯೆಂದು ಹೇಳಿದ. ಅದು ದುಂಡಗಿನ ಸಂಖ್ಯೆ. ಹೊತ್ತಿನಿಂದ ಹೊತ್ತಿಗೆ, ವ್ಯಕ್ತಿಯಿಂದ ವ್ಯಕ್ತಿಗೆ ಸ್ವಲ್ಪ ಆಚೀಚೆಯಾಗುವುದನ್ನು ಅವನೂ ಬಲ್ಲ. ಆ 37 ಸೂತ್ರದೊಳಗೆ ಹೊಕ್ಕು 98.6 ಆಗಿ ಹೊರಬಂದಿತು. ಇಲ್ಲದ ಸೂಕ್ಷ್ಮತೆಯೊಂದು ಲೆಕ್ಕದಿಂದ ಹುಟ್ಟಿಕೊಂಡಿತು! 1992ರಲ್ಲಿ ಅಮೆರಿಕದ ಸಂಶೋಧಕರು ಮತ್ತೆ ಅಳೆದು ನೋಡಿದಾಗ ಸರಾಸರಿ 98.2ರ ಸುಮಾರಿಗೆ ಬಂದಿತು. ಆದರೂ 98.8 ಕಂಡೊಡನೆ ಮಗುವಿನ ಹಣೆ ಮುಟ್ಟಿ ಮುಟ್ಟಿ ನೋಡುವ ತಂದೆತಾಯಿಗಳು ಇಂದಿಗೂ ಇದ್ದಾರೆ. ನನ್ನ ಮೊಮ್ಮಗಳ 38.33 ಕೂಡ ಇದೇ ಜಾತಿಯದು. “ನೂರಾ ಒಂದು” ಎಂದಷ್ಟೇ ಓದಿದ ಅಳತೆಯಿಂದ ಡಿಗ್ರಿಯ ನೂರನೆಯ ಒಂದು ಭಾಗ ಹೇಗೆ ತಿಳಿದೀತು?

ಈ ಮೂರು ತಪ್ಪುಗಳ ಹಿಂದೆ ಇನ್ನೂ ಆಳವಾದ ಒಂದು ತಪ್ಪಿದೆ. ಅದನ್ನು ಹೇಳಬೇಕಾದರೆ ನನ್ನದೇ ಒಂದು ಅಪರಾಧವನ್ನು ಒಪ್ಪಿಕೊಳ್ಳಬೇಕು.

ನಾನು ಬೆಂಗಳೂರಿನ ಒಂದು ಕಾಲೇಜಿನಲ್ಲಿ ವಿದ್ಯಾರ್ಥಿಯಾಗಿದ್ದಾಗ, ಉಷ್ಣಮಾಪಕದ ಮೇಲಿನ ಸ್ಥಿರಬಿಂದುವನ್ನು ಪರೀಕ್ಷಿಸುವ ಪ್ರಯೋಗ ಬಂದಿತು. ಕುದಿಯುವ ನೀರಿನ ಆವಿಯಲ್ಲಿ ಮಾಪಕವನ್ನು ಇಳಿಬಿಟ್ಟು, ಪಾದರಸ ನಿಂತ ಜಾಗವನ್ನು ಓದಬೇಕು. ಪಾದರಸ 97ರಲ್ಲಿ ನಿಂತಿತು. ಎಷ್ಟು ಹೊತ್ತು ಕಾದರೂ ಅಲ್ಲಿಂದ ಕದಲಲಿಲ್ಲ. ನಾನು ದಾಖಲೆಯ ಪುಸ್ತಕದಲ್ಲಿ 97 ಎಂದು ಬರೆದೆ. ಪಕ್ಕದವನು ನೋಡಿ ನಕ್ಕು, “ನೀರು ಕುದಿಯುವುದು ನೂರಕ್ಕೆ ಕಣಯ್ಯ” ಎಂದ. ನಾನು ರಬ್ಬರು ತೆಗೆದುಕೊಂಡು 97ನ್ನು ಅಳಿಸಿ 100 ಎಂದು ಬರೆದೆ. ಅಧ್ಯಾಪಕರು ಕೆಂಪು ಶಾಯಿಯಲ್ಲಿ ಸರಿಯೆಂದು ಗುರುತು ಹಾಕಿದರು.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದಲ್ಲಿದೆ. ಕಡಲ ತಡಿಯಲ್ಲಿ ವಾಯುಭಾರ 760 ಮಿಲಿಮೀಟರು ಪಾದರಸದಷ್ಟಿದ್ದರೆ ಇಲ್ಲಿ ಸುಮಾರು 685. ಒತ್ತುವ ಗಾಳಿ ಹಗುರವಾದಷ್ಟೂ ನೀರು ಬೇಗ ಕುದಿಯುತ್ತದೆ. ಇಲ್ಲಿ ಅದು 97 ಡಿಗ್ರಿಯ ಹತ್ತಿರವೇ ಕುದಿಯಬೇಕು. ಕುದಿಯುವ ನೆಲೆ ವಾಯುಭಾರದೊಡನೆ ಬದಲಾಗುತ್ತದೆಂಬುದನ್ನು ಸೆಲ್ಸಿಯಸ್ ತನ್ನ ಗೋಲನ್ನು ಕಟ್ಟುವಾಗಲೇ ಗಮನಿಸಿದ್ದ. ಎಂದರೆ ನನ್ನ ಮಾಪಕ ಸರಿಯಾಗಿತ್ತು, ನನ್ನ ಕಣ್ಣು ಸರಿಯಾಗಿತ್ತು, ನಾನು ಮೊದಲು ಬರೆದದ್ದೂ ಸರಿಯಾಗಿತ್ತು. ಪುಸ್ತಕದ ನೂರಕ್ಕೆ ಹೆದರಿ, ಕಣ್ಣು ಕಂಡ ಸತ್ಯವನ್ನು ನಾನೇ ಅಳಿಸಿದೆ. ಆ ಕೋಣೆಯ ಗೋಡೆಯ ಮೇಲೆಯೇ ವಾಯುಭಾರಮಾಪಕ ತೂಗುತ್ತಿತ್ತು. ಅದರ ಕಡೆ ತಿರುಗಿ ನೋಡಿರೆಂದು ನಮಗೆ ಯಾರೂ ಹೇಳಲಿಲ್ಲ.

ಅಪರಾಧ ಅಲ್ಲಿಗೆ ಮುಗಿದಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಅಧ್ಯಾಪಕನಾದ ಮೇಲೆ ನಾನೂ ಹಲವು ವರ್ಷ 100ಕ್ಕೆ ಕೆಂಪು ಗುರುತು ಹಾಕಿದೆ. ಯಾವ ಹುಡುಗನಾದರೂ 97 ಎಂದು ಬರೆದು ತಂದರೆ, “ಮತ್ತೊಮ್ಮೆ ನೋಡು” ಎಂದು ಕಳುಹಿಸುತ್ತಿದ್ದೆ. ಅವನು ಹೋಗಿ, ನೋಡದೆಯೇ ತಿದ್ದಿಕೊಂಡು ಬರುತ್ತಿದ್ದ. ವಿಜ್ಞಾನದ ಕೋಣೆಯಲ್ಲಿ ಕುಳಿತು, ಕಂಡದ್ದನ್ನು ಮರೆಮಾಚುವ ವಿದ್ಯೆಯನ್ನು ನಾನು ಕಲಿಸುತ್ತಿದ್ದೆ. 2020ರ ಸಾಂಕ್ರಾಮಿಕದ ಕಾಲದಲ್ಲಿ ಒಂದು ಅಂಗಡಿಯ ಬಾಗಿಲಲ್ಲಿ ಕಾವಲಿನವನು ನನ್ನ ಮುಂಗೈಗೆ ಯಂತ್ರ ಹಿಡಿದು, ಅದು ತೋರಿಸಿದ್ದನ್ನು ನೋಡುವ ಮೊದಲೇ ಪುಸ್ತಕದಲ್ಲಿ 97 ಎಂದು ಬರೆದುಕೊಂಡ. ಆ ಪುಟದ ತುಂಬ 97, 97, 97. ಅವನನ್ನು ಗದರಿಸಲು ನನಗೆ ಬಾಯಿ ಬರಲಿಲ್ಲ. ನಾನು ಕಾಣದ ನೂರನ್ನು ಬರೆದವನು. ಅವನು ಕಾಣದ ತೊಂಬತ್ತೇಳನ್ನು ಬರೆಯುತ್ತಿದ್ದ.

ಇದಕ್ಕೆ ಆಕ್ಷೇಪಗಳಿಲ್ಲದಿಲ್ಲ. ನಲವತ್ತೈದು ನಿಮಿಷದ ಅವಧಿಯಲ್ಲಿ ಅರುವತ್ತು ಮಕ್ಕಳಿಗೆ ಇಷ್ಟೆಲ್ಲ ಕಥೆ ಹೇಳುತ್ತ ಕುಳಿತರೆ ಪಾಠ ಮುಗಿಯುವುದು ಯಾವಾಗ ಎಂದು ಅಧ್ಯಾಪಕ ಮಿತ್ರರು ಕೇಳಬಹುದು. ಅವರ ಕಷ್ಟವನ್ನು ನಾನು ಬಲ್ಲೆ. ಆದರೆ ಎರಡು ಏಣಿಗಳನ್ನು ಬರೆಯಲು ಹತ್ತು ನಿಮಿಷ ಸಾಕು. ಸೂತ್ರವನ್ನು ಬಾಯಿಪಾಠ ಮಾಡಿಸಲು ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ಫ್ಯಾರನ್‌ಹೀಟನ್ನೇ ತೆಗೆದುಹಾಕಿದರೆ ತೊಂದರೆಯೇ ಇಲ್ಲವಲ್ಲ ಎಂದು ಇನ್ನು ಕೆಲವರು ಹೇಳಬಹುದು. ಮನೆಯ ಜ್ವರದಿಂದ ಅದು ಹೋಗುವ ದಿನ ಹೋಗಲಿ. ಇರುವವರೆಗೆ ಅದರಿಂದ ಲಾಭವೇ ಇದೆ. ಎರಡು ಭಾಷೆ ಬಲ್ಲವನಿಗೆ ಮಾತೇ ಬೇರೆ, ವಸ್ತುವೇ ಬೇರೆ ಎಂದು ಬೇಗ ಹೊಳೆಯುತ್ತದೆ. ಎರಡು ಮಾನ ಬಲ್ಲ ಮಗುವಿಗೆ ಅಂಕಿಯೇ ಬೇರೆ, ಕಾವೇ ಬೇರೆ ಎಂದು ಹೊಳೆಯುತ್ತದೆ.

ನಾನು ಕೇಳುವುದು ದೊಡ್ಡ ಸುಧಾರಣೆಯನ್ನಲ್ಲ. ಸೂತ್ರಕ್ಕೆ ಮುನ್ನ ಏಣಿ ಬರಲಿ. ಉಷ್ಣತೆಯ ಲೆಕ್ಕದೊಡನೆ ಏರಿಳಿತದ ಲೆಕ್ಕವೂ ಒಂದಿರಲಿ. ಅಳತೆಯಲ್ಲಿ ಇಲ್ಲದ ದಶಾಂಶ ಉತ್ತರದಲ್ಲಿ ಬಂದರೆ, ಅದು ಎಲ್ಲಿಂದ ಬಂತೆಂದು ಕೇಳುವ ಪದ್ಧತಿ ಇರಲಿ. ಎಲ್ಲಕ್ಕಿಂತ ಮಿಗಿಲಾಗಿ, ನೀರು ಕುದಿಸುವ ಪ್ರಯೋಗದಲ್ಲಿ ಊರಿನ ಹೆಸರನ್ನೂ ಅಲ್ಲಿನ ವಾಯುಭಾರವನ್ನೂ ಬರೆಯುವ ನಿಯಮವಿರಲಿ. ಮಂಗಳೂರಿನ ಹುಡುಗ ನೂರೆಂದು ಬರೆಯಲಿ, ಬೆಂಗಳೂರಿನವನು ತೊಂಬತ್ತೇಳೆಂದು ಬರೆಯಲಿ, ಮಡಿಕೇರಿಯವನು ಇನ್ನೂ ಒಂದು ಡಿಗ್ರಿ ಕಡಿಮೆ ಬರೆಯಲಿ. ಮೂವರಿಗೂ ಪೂರ್ಣ ಅಂಕಗಳು ದೊರೆಯಲಿ.

ಮೊಮ್ಮಗನ ಜ್ವರ ಮೂರು ದಿನದಲ್ಲಿ ಇಳಿಯಿತು. ಅದಾದ ಮೇಲೆ ಒಂದು ಭಾನುವಾರ ನನ್ನ ಹಳೆಯ ಪೆಟ್ಟಿಗೆಯಿಂದ ಪ್ರಯೋಗಶಾಲೆಯ ಒಂದು ಉಷ್ಣಮಾಪಕವನ್ನು ಹುಡುಕಿ ತೆಗೆದು, ಮೊಮ್ಮಗಳ ಕೈಗೆ ಕೊಟ್ಟು, ಒಲೆಯ ಮೇಲೆ ನೀರಿಟ್ಟೆ. ನೀರು ಕುದಿಯಿತು. ಅವಳು ಬಗ್ಗಿ ನೋಡಿದಳು, ಮತ್ತೆ ನೋಡಿದಳು. “ತಾತ, ಇದು ಕೆಟ್ಟಿದೆ, ತೊಂಬತ್ತೇಳರಲ್ಲಿಯೇ ನಿಂತಿದೆ” ಎಂದಳು. ಕೆಟ್ಟಿಲ್ಲವೆಂದು ಹೇಳಿ, ಕಾರಣವನ್ನು ವಿವರಿಸಿದೆ. ಅವಳು ಸ್ವಲ್ಪ ಹೊತ್ತು ಯೋಚಿಸಿ, “ಪರೀಕ್ಷೆಯಲ್ಲಿ ಕೇಳಿದರೆ ಏನು ಬರೆಯಲಿ?” ಎಂದು ಕೇಳಿದಳು.

“ಕಂಡದ್ದನ್ನು ಬರೆ, ಏಕೆ ಹಾಗೆ ಕಂಡಿತೆಂದೂ ಬರೆ” ಎಂದೆ.

“ಅಂಕ ಹೋದರೆ?”

ಹೋಗಲಾರದೆಂದು ಅವಳಿಗೆ ಭರವಸೆ ಕೊಡುವ ಧೈರ್ಯ ನನಗಾಗಲಿಲ್ಲ. ಆ ಭರವಸೆಯನ್ನು ಕೊಡಬಲ್ಲವರು, ಈ ಬರಹವನ್ನು ಓದುತ್ತಿರುವ ಅಧ್ಯಾಪಕರು.